ಕಾರಿನ ಬಂಪರಿಗೆ ಜಾಲರಿ ಅಳವಡಿಸುವ ಕ್ರಮ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯ ಕಡೆಗೆ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನವೂ ಓಡಾಡುವವರಿಗೆ ಜೆಲ್ಲಿ ತುಂಬಿದ ಟಿಪ್ಪರುಗಳ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಪೆರೇಸಂದ್ರದ ಆಸುಪಾಸಿನ ಕ್ರಷರುಗಳಿಂದ ಹೊರಟ ಲೋಡಿನ ಮೇಲೆ ಟಾರ್ಪಾಲು ಹೊದಿಸಿದ್ದರೂ ಹಿಂಬಾಗಿಲಿನ ಸಂದಿಯಿಂದ ಒಂದೊಂದೇ ಕಲ್ಲು ಉದುರುತ್ತಿರುತ್ತದೆ. ಉದುರಿದ ಕಲ್ಲು ಮುಂದಿನ ವಾಹನದ ಚಕ್ರಕ್ಕೆ ಸಿಕ್ಕಿ ಚಿಮ್ಮಿದಾಗ ಅದು ಬಡಿಯುವುದು ಹಿಂದೆ ಬರುವ ಕಾರಿಗೆ. ಗಾಜಿಗೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಬಂಪರಿನ ಕೆಳಗಿನ ಬಾಯಿಯೊಳಗೆ ನುಗ್ಗಿದರೆ ಮಾತ್ರ ಬಹಳ ದಿನ ಗೊತ್ತಾಗುವುದಿಲ್ಲ.

ನನ್ನ ಕಾರಿನಲ್ಲಿ ಆದದ್ದು ಇದೇ. ಬೇಸಿಗೆಯ ಆರಂಭದಲ್ಲಿ ಎಸಿ ತಂಪು ಕೊಡುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಗ್ಯಾಸ್ ತುಂಬಿಸಿದರೆ ಎರಡು ವಾರ ಸರಿಯಿದ್ದು ಮತ್ತೆ ಮೊದಲಿನಂತೆಯೇ ಆಯಿತು. ಕೊನೆಗೆ ಮೆಕ್ಯಾನಿಕ್ ಒಬ್ಬರು ಬಂಪರ್ ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದರು: "ಸಾರ್, ಇಲ್ಲಿ ನೋಡಿ, ಎಣ್ಣೆ ಜಿಡ್ಡಿಗೆ ಧೂಳು ಮೆತ್ಕೊಂಡಿದೆ, ಗ್ಯಾಸ್ ಹೋಗ್ತಿರೋದು ಇಲ್ಲಿಂದಲೇ." ಎಸಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಅಲ್ಯುಮಿನಿಯಂ ಎಸಳುಗಳ ನಡುವೆ ಉಗುರಿನಗಲದ ಒಂದು ತಗ್ಗು, ಅದರ ಸುತ್ತ ಅಂಗೈಯಷ್ಟು ಕಪ್ಪು ಜಿಡ್ಡು. ಗ್ಯಾಸಿನೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುವುದರಿಂದ ಸೋರುವ ಜಾಗದಲ್ಲಿ ಹೀಗೆ ಕಲೆ ಕಟ್ಟುತ್ತದೆ. ಕಂಡೆನ್ಸರ್ ಬದಲಾಯಿಸುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಆ ಬಾಯಿಗೆ ಒಂದು ಮೊಳದಷ್ಟು ಜಾಲರಿ ಇದ್ದಿದ್ದರೆ ಆ ಖರ್ಚು ಬರುತ್ತಿರಲಿಲ್ಲ ಎಂಬುದು ಅಂದೇ ಮನಸ್ಸಿಗೆ ನಾಟಿತು.

ಬಂಪರಿನ ಬಾಯಿಯ ಹಿಂದೆ ಏನೇನಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭವಾಗುತ್ತದೆ. ಎಲ್ಲಕ್ಕಿಂತ ಮುಂದೆ ಎಸಿಯ ಕಂಡೆನ್ಸರ್ ಇರುತ್ತದೆ, ಅದಕ್ಕೆ ಒತ್ತಿಕೊಂಡಂತೆ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಹಲವು ಟರ್ಬೊ ಕಾರುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಇದೇ ಗಾಳಿಯನ್ನು ನಂಬಿಕೊಂಡಿರುತ್ತದೆ. ಅಂದರೆ ಈ ಬಾಯಿ ಅಲಂಕಾರಕ್ಕಾಗಿ ಬಿಟ್ಟ ಜಾಗವಲ್ಲ, ಕಾರಿನ ಮೂಗು. ಕಲ್ಲನ್ನು ತಡೆಯುವ ಜಾಲರಿ ಉಸಿರನ್ನೂ ತಡೆದರೆ ಎಂಜಿನ್ ಕಾಯುತ್ತದೆ. ಆದ್ದರಿಂದ ಜಾಲರಿಯ ಕಣ್ಣು ಎಷ್ಟಿರಬೇಕು ಎಂಬ ಒಂದೇ ಪ್ರಶ್ನೆಗೆ ಈ ಕೆಲಸದ ಅರ್ಧದಷ್ಟು ಯೋಚನೆಯನ್ನು ಮೀಸಲಿಡಬೇಕೆಂದು ನಾನು ಹೇಳುತ್ತೇನೆ.

ಕ್ರಷರುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಜೆಲ್ಲಿ 20 ಮಿ.ಮೀ., 12 ಮಿ.ಮೀ. ಮತ್ತು ಬೇಬಿ ಜೆಲ್ಲಿ ಎಂದು ಕರೆಯುವ 6 ಮಿ.ಮೀ. ಅಳತೆಯದು. ಕೋಳಿಗೂಡಿಗೆ ಹಾಕುವ ಅರ್ಧ ಇಂಚಿನ ಜಾಲರಿಯ ಕಣ್ಣು 12 ಮಿ.ಮೀ.ಗೂ ಹೆಚ್ಚಿರುವುದರಿಂದ 12ರ ಜೆಲ್ಲಿಯೂ ಅದರೊಳಗೆ ತೂರಿಬಿಡುತ್ತದೆ. ಸೊಳ್ಳೆ ಪರದೆಯ ಜಾಲರಿ ಇದಕ್ಕೆ ವಿರುದ್ಧ: ಅದು ಸಣ್ಣ ಕಲ್ಲಿನ ಚೂರನ್ನೂ ಬಿಡುವುದಿಲ್ಲ, ಆದರೆ ಒಂದು ಸಂಜೆಯ ಪಯಣದಲ್ಲಿಯೇ ಹುಳುಗಳಿಂದ, ಒಂದು ವಾರದಲ್ಲಿ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಇವೆರಡರ ನಡುವೆ 5ರಿಂದ 6 ಮಿ.ಮೀ. ಕಣ್ಣಿನ ಜಾಲರಿ ನಮ್ಮ ರಸ್ತೆಗಳಿಗೆ ಸರಿಹೊಂದುತ್ತದೆ. ಬೇಬಿ ಜೆಲ್ಲಿಯ ಚೂರೊಂದು ನುಸುಳಬಹುದು, ಆದರೆ ಅದರ ತೂಕ ಕಡಿಮೆ. ಕಂಡೆನ್ಸರನ್ನು ತೂತು ಮಾಡುವಷ್ಟು ತೂಕದ ಕಲ್ಲು ಹೊರಗೇ ಉಳಿಯುತ್ತದೆ.

ಗಾಳಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಬಹುದು. ಚೌಕ ಕಣ್ಣಿನ ನೇಯ್ದ ಜಾಲರಿಯಾದರೆ ಕಣ್ಣಿನ ಅಳತೆಯನ್ನು, ಕಣ್ಣು ಮತ್ತು ತಂತಿಯ ದಪ್ಪ ಎರಡನ್ನೂ ಕೂಡಿಸಿದ ಮೊತ್ತದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಬೇಕು. ಕಣ್ಣು 6 ಮಿ.ಮೀ., ತಂತಿ 1 ಮಿ.ಮೀ. ಇದ್ದರೆ 6ನ್ನು 7ರಿಂದ ಭಾಗಿಸಿದಾಗ 0.857, ಅದರ ವರ್ಗ 0.73, ಎಂದರೆ ಬಾಯಿಯ ಶೇ. 73ರಷ್ಟು ತೆರೆದೇ ಇರುತ್ತದೆ. ಅದೇ 1 ಮಿ.ಮೀ. ತಂತಿಯಲ್ಲಿ ಕಣ್ಣು 3 ಮಿ.ಮೀ.ಗೆ ಇಳಿದರೆ ತೆರೆದ ಜಾಗ ಶೇ. 56ಕ್ಕೆ ಕುಸಿಯುತ್ತದೆ. ಶೇ. 70ಕ್ಕಿಂತ ಕಡಿಮೆ ತೆರಪಿನ ಜಾಲರಿಯನ್ನು ನಾನು ಕೊಳ್ಳುವುದಿಲ್ಲ, ಏಕೆಂದರೆ ಬಣ್ಣ ಬಳಿದಾಗ ಮತ್ತು ಧೂಳು ಕೂತಾಗ ಆ ಅಂಕಿ ಇನ್ನೂ ಇಳಿಯುತ್ತದೆ.

ಲೋಹದ ವಿಷಯದಲ್ಲಿ ಎರಡು ಆಯ್ಕೆಗಳಿವೆ. ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಧಾರಾಳವಾಗಿ, ಸಿಗುವುದು ಅಲ್ಯುಮಿನಿಯಂ ತಗಡನ್ನು ಸೀಳಿ ಹಿಗ್ಗಿಸಿ ಮಾಡಿದ ಜೇನುಗೂಡು ಅಥವಾ ವಜ್ರಾಕಾರದ ಮೆಶ್. ಇದು ಹಗುರ, ಕೈಯಲ್ಲೇ ಬಾಗುತ್ತದೆ, ತಗಡು ಕತ್ತರಿಯಲ್ಲಿ ಸಲೀಸಾಗಿ ಕತ್ತರಿಸಬಹುದು. ಇನ್ನೊಂದು 304 ದರ್ಜೆಯ ಸ್ಟೀಲಿನ ನೇಯ್ದ ಜಾಲರಿ. ಜರಡಿ ಮಾರುವ ಹಾರ್ಡ್‌ವೇರ್ ಅಂಗಡಿಗಳಲ್ಲಿ, ನಮ್ಮ ಚಿಕ್ಕಬಳ್ಳಾಪುರದಲ್ಲಾದರೆ ಬಿ.ಬಿ. ರಸ್ತೆಯ ಕಡೆ ವಿಚಾರಿಸಿದರೆ, ಅಡಿ ಲೆಕ್ಕದಲ್ಲಿ ದೊರೆಯುತ್ತದೆ. ಇದು ಗಟ್ಟಿ, ತುಕ್ಕಿನ ಚಿಂತೆಯಿಲ್ಲ, ಆದರೆ ಬಾಗಿಸುವುದು ಕಷ್ಟ ಮತ್ತು ಕತ್ತರಿಸಿದ ತುದಿಗಳು ಸೂಜಿಯಂತಿರುತ್ತವೆ. ಮೊದಲ ಸಲ ಮಾಡುವವರಿಗೆ ಅಲ್ಯುಮಿನಿಯಂ ಸಾಕು. ಬರಿಯ ಕಬ್ಬಿಣದ ತಂತಿಯ ಜಾಲರಿ ಮಾತ್ರ ಬೇಡ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಂಪರಿನ ಮೇಲೆ ಕೆಂಪು ಗೆರೆ ಇಳಿಸುತ್ತದೆ.

ಕೊಳ್ಳುವ ಮೊದಲು ಕಾರಿನ ಮುಂದೆ ಕುಳಿತು, ಯಾವುದನ್ನು ಮುಚ್ಚಬಾರದು ಎಂಬುದನ್ನು ನೋಡಿಕೊಳ್ಳಬೇಕು. ಮುಂದಿನ ವಾಹನದ ದೂರ ಅಳೆದು ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆಯಿರುವ ಹೊಸ ಕಾರುಗಳಲ್ಲಿ ರೇಡಾರ್ ಪೆಟ್ಟಿಗೆ ಹೆಚ್ಚಾಗಿ ಕಂಪನಿಯ ಲಾಂಛನದ ಹಿಂದೆ ಅಥವಾ ಬಂಪರಿನ ಕೆಳಬಾಯಿಯಲ್ಲೇ ಇರುತ್ತದೆ. ಅದರ ಮುಂದೆ ಲೋಹದ ಜಾಲರಿ ಬಂದರೆ ರೇಡಾರಿನ ಅಲೆಗಳು ಅಲ್ಲಿಯೇ ಬಡಿದು ಹಿಂದಿರುಗುತ್ತವೆ. ಅಂಥ ಕಾರಿನಲ್ಲಿ ಆ ಭಾಗವನ್ನು ಪೂರ್ತಿ ಬಿಟ್ಟುಬಿಡಬೇಕು, ಸಂದೇಹವಿದ್ದರೆ ಕೆಲಸವನ್ನೇ ಕೈಬಿಡಬೇಕು. ಎಂಜಿನ್ನಿನ ಬಿಸಿಗೆ ತಕ್ಕಂತೆ ತಾವೇ ತೆರೆದು ಮುಚ್ಚುವ ಪಟ್ಟಿಗಳಿದ್ದರೆ ಅವುಗಳ ಚಲನೆಗೆ ಜಾಲರಿ ತಾಕಬಾರದು. ಪಾರ್ಕಿಂಗ್ ಸೆನ್ಸರ್, ಫಾಗ್ ಲ್ಯಾಂಪ್, ಎಳೆಯುವ ಕೊಕ್ಕೆಯ ಮುಚ್ಚಳ, ನಂಬರ್ ಪ್ಲೇಟ್ ಇವೆಲ್ಲ ಮೊದಲಿನಂತೆಯೇ ತೆರೆದಿರಬೇಕು.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಂಪರಿನ ಮುಂದೆ ಕಟ್ಟುವ ಕಬ್ಬಿಣದ ಗಾರ್ಡುಗಳನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಉಲ್ಲೇಖಿಸಿ, ತೆಗೆಸುವಂತೆ ರಾಜ್ಯಗಳಿಗೆ ಸೂಚಿಸಿತು. ಪಾದಚಾರಿಗಳಿಗೆ ಬೀಳುವ ಪೆಟ್ಟನ್ನು ಅವು ಹೆಚ್ಚಿಸುತ್ತವೆ ಎಂಬುದು ಅದರ ಹಿಂದಿನ ಮುಖ್ಯ ಕಾರಣಗಳಲ್ಲೊಂದು. ನಾವು ಹಾಕುವ ಜಾಲರಿ ಬಾಯಿಯ ಒಳಗೇ ಕೂರುವಂಥದ್ದು. ಅದರ ಒಂದು ತಂತಿಯೂ ಬಂಪರಿನ ಮೈಯಿಂದ ಹೊರಚಾಚಬಾರದು. ವಾರಂಟಿ ಇನ್ನೂ ಉಳಿದಿರುವ ಕಾರಾದರೆ ಷೋರೂಮಿನಲ್ಲಿ ಒಂದು ಮಾತು ಕೇಳಿ ಮುಂದುವರಿಯುವುದು ಒಳ್ಳೆಯದು.

ಇನ್ನು ಜಾಲರಿಯನ್ನು ಯಾವುದರಿಂದ ಹಿಡಿಸಬೇಕು ಎಂಬ ವಿಷಯ. ಬಹಳ ಜನ ಎರಡು ಟ್ಯೂಬುಗಳ ಎಪಾಕ್ಸಿ ಅಂಟನ್ನು ಕಲಸಿ ಮೆತ್ತುತ್ತಾರೆ. ನಾನೂ ಮೊದಲು ಹಾಗೆಯೇ ಮಾಡಿದೆ. ರಾತ್ರಿಯಿಡೀ ಒಣಗಿದ ಅಂಟು ಕಲ್ಲಿನಂತಾಗಿತ್ತು, ಎಳೆದು ನೋಡಿದರೂ ಅಲುಗಲಿಲ್ಲ. ಎರಡೇ ತಿಂಗಳಲ್ಲಿ, ಶಿಡ್ಲಘಟ್ಟದಿಂದ ಹಿಂದಿರುಗುವಾಗ ಒಂದು ಹಂಪಿನ ಮೇಲೆ ಜಾಲರಿಯ ಎಡತುದಿ ಕಳಚಿ ಒಳಗೆ ಜೋತುಬಿತ್ತು. ನೋಡಿದರೆ ಅಂಟು ಒಡೆದಿರಲಿಲ್ಲ. ಕಾವಲಿಯಿಂದ ಎದ್ದ ದೋಸೆಯಂತೆ ಇಡಿಯಾಗಿ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಂಡಿತ್ತು, ಅದರ ಅಡಿಮೈ ನುಣ್ಣಗೆ ಹೊಳೆಯುತ್ತಿತ್ತು. ಕಾರಣ ಬಂಪರಿನ ಒಳಮೈಯಲ್ಲೇ ಅಚ್ಚಾಗಿತ್ತು. ಇಂದಿನ ಬಹುಪಾಲು ಬಂಪರುಗಳು ಪಾಲಿಪ್ರಾಪಿಲೀನ್‌ನಿಂದ ಆದವು. ಒಳಗಡೆ ಪಿಪಿ ಅಥವಾ, ರಬ್ಬರ್ ಬೆರೆಸಿದ್ದಾದರೆ, ಪಿಪಿ ಪ್ಲಸ್ ಇಪಿಡಿಎಂ ಎಂಬ ಗುರುತಿರುತ್ತದೆ. ಈ ಪ್ಲಾಸ್ಟಿಕ್ಕಿನ ಮೈ ಮೇಣದಂಥದು, ಸಾಮಾನ್ಯ ಎಪಾಕ್ಸಿ ಅಂಟಾಗಲಿ ಚಿಟಿಕೆಯಲ್ಲಿ ಹಿಡಿಯುವ ಅಂಟಾಗಲಿ ಅದರೊಳಗೆ ಬೇರೂರುವುದಿಲ್ಲ. ಎಬಿಎಸ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ಕಿನ ಗುರುತಿರುವ ಗ್ರಿಲ್ಲುಗಳಿಗೆ, ಮೈಯನ್ನು ಎಮರಿ ಕಾಗದದಿಂದ ಉಜ್ಜಿ ಒರಟು ಮಾಡಿದರೆ, ಎಪಾಕ್ಸಿ ಚೆನ್ನಾಗಿಯೇ ಹಿಡಿಯುತ್ತದೆ. ಆದರೂ ಅಂಟಿಸಿದ್ದನ್ನು ಬಿಚ್ಚಲಾಗದು, ಬಿಚ್ಚಲಾಗದ್ದನ್ನು ತೊಳೆಯಲಾಗದು. ಆದ್ದರಿಂದ ಯಾವ ಗುರುತಿದ್ದರೂ ಕಪ್ಪು ನೈಲಾನ್ ಕೇಬಲ್ ಟೈಗಳೇ ನನ್ನ ಆಯ್ಕೆ. ಬಿಳಿಯ ಟೈಗಳು ಬಿಸಿಲಿಗೆ ಬೇಗ ಪೆಡಸಾಗಿ ಮುರಿಯುತ್ತವೆ; ಬಿಸಿಲು ತಾಳುವ ಕಪ್ಪು ಟೈ ಎಂದೇ ಕೇಳಿ, 3.6 ಮಿ.ಮೀ. ಅಗಲದ, 150 ಮಿ.ಮೀ. ಉದ್ದದ ಒಂದು ಕಟ್ಟು ತರಬೇಕು.

ಬಂಪರ್ ಬಿಚ್ಚಲೇಬೇಕೆಂಬ ನಿಯಮವೇನೂ ಇಲ್ಲ. ಕೆಲವು ಕಾರುಗಳಲ್ಲಿ ಮೇಲಿನ ಗ್ರಿಲ್ ಪ್ರತ್ಯೇಕವಾಗಿ ಬರುತ್ತದೆ, ಕೆಲವದರಲ್ಲಿ ಅಡಿಯ ಪ್ಲಾಸ್ಟಿಕ್ ತಟ್ಟೆ ತೆಗೆದರೆ ಕೆಳಬಾಯಿಗೆ ಕೈ ನಿಲುಕುತ್ತದೆ. ಕೈ ಒಳಗೆ ಹೋಗದಿದ್ದರೆ ಮಾತ್ರ ಬಿಚ್ಚಬೇಕು. ಅದಕ್ಕೆ ಚಳಿಗಾಲದ ಮುಂಜಾನೆ ಸರಿಯಾದ ವೇಳೆಯಲ್ಲ, ತಣ್ಣಗಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟಪಟನೆ ಮುರಿಯುತ್ತವೆ. ಹತ್ತು ಹನ್ನೊಂದರ ಹೊತ್ತಿಗೆ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿ ನಂತರ ಕೈ ಹಚ್ಚಬೇಕು. ಎಂಜಿನ್ ತಣ್ಣಗಿರಲಿ, ಕೀಲಿ ಜೇಬಿನಲ್ಲಿರಲಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಾನಾಗಿಯೇ ತಿರುಗಬಲ್ಲದು.

ಬಾನೆಟ್ ಎತ್ತಿದರೆ ಬಂಪರಿನ ಮೇಲಂಚಿನಲ್ಲಿ ಕ್ಲಿಪ್ಪುಗಳು ಅಥವಾ 10 ಮಿ.ಮೀ. ಬೋಲ್ಟುಗಳು ಕಾಣುತ್ತವೆ. ಕ್ಲಿಪ್ಪಿನ ನಡುವಿನ ಗುಬುಟನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ ಎತ್ತಿದ ಮೇಲೆಯೇ ಇಡೀ ಕ್ಲಿಪ್ಪನ್ನು ಎಳೆಯಬೇಕು. ಬಳಿಕ ಮುಂದಿನ ಎರಡೂ ಚಕ್ರಗಳ ಕಮಾನಿನೊಳಗಿನ ಸ್ಕ್ರೂ, ಆಮೇಲೆ ಅಡಿಯವು. ಯಾವ ಜಾಗದ ಸ್ಕ್ರೂ ಯಾವುದು ಎಂಬುದು ಮರೆತುಹೋಗುತ್ತದೆ. ಒಂದು ರಟ್ಟಿನ ಮೇಲೆ ಬಂಪರಿನ ಚಿತ್ರ ಗೀಚಿ, ಬಿಚ್ಚಿದ ಸ್ಕ್ರೂವನ್ನು ಆಯಾ ಜಾಗಕ್ಕೇ ಚುಚ್ಚಿಟ್ಟರೆ ಜೋಡಿಸುವಾಗ ತಡಕಾಡಬೇಕಾಗಿಲ್ಲ. ಬದಿಯ ತುದಿಗಳನ್ನು ಹೊರಕ್ಕೆ ಎಳೆದು ಕಳಚುವಾಗ ಇನ್ನೊಬ್ಬರು ಮತ್ತೊಂದು ತುದಿ ಹಿಡಿದಿರಬೇಕು, ಏಕೆಂದರೆ ಫಾಗ್ ಲ್ಯಾಂಪಿನ ಮತ್ತು ಸೆನ್ಸರುಗಳ ವೈರುಗಳು ಇನ್ನೂ ತಗುಲಿಕೊಂಡಿರುತ್ತವೆ. ಅವುಗಳ ಕನೆಕ್ಟರ್ ಬಿಡಿಸಿದ ನಂತರ ಬಂಪರನ್ನು ಹಳೆಯ ಜಮಖಾನದ ಮೇಲೆ ಮುಖ ಕೆಳಗಾಗಿ ಮಲಗಿಸಬಹುದು. ಎಸಿ ಪೈಪುಗಳ ಯಾವ ನಟ್ಟನ್ನೂ ಮುಟ್ಟಬಾರದು. ಒಳಗೆ ಒತ್ತಡದಲ್ಲಿ ಗ್ಯಾಸ್ ಇರುತ್ತದೆ.

ಜಾಲರಿಗೆ ನೇರವಾಗಿ ಕತ್ತರಿ ಹಾಕುವ ಬದಲು ರಟ್ಟಿನಲ್ಲಿ ಅಳತೆ ತೆಗೆಯಬೇಕು. ಬಂಪರಿನ ಒಳಗಡೆಯಿಂದ ಬಾಯಿಗೆ ರಟ್ಟು ಒತ್ತಿಹಿಡಿದು, ಹೊರಗಡೆಯಿಂದ ಪೆನ್ಸಿಲಿನಲ್ಲಿ ಅಂಚನ್ನು ಗೀಚಿ, ಆ ಗೆರೆಯ ಸುತ್ತ 2 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿಕೊಂಡರೆ ಅದೇ ನಮ್ಮ ಅಚ್ಚು. ಈ 2 ಸೆಂ.ಮೀ. ಅಂಚೇ ಟೈಗಳಿಗೆ ಹಿಡಿತ ಕೊಡುವುದು, ಜಿಪುಣತನ ಮಾಡಬಾರದು. ಹಿಗ್ಗಿಸಿದ ಅಲ್ಯುಮಿನಿಯಂ ಮೆಶ್‌ನ ಎಳೆಗಳು ತುಸು ಓರೆಯಾಗಿರುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿದು ಮೇಲೆ ಕೆಳಗೆ ವಾಲಿಸಿ ನೋಡಿದರೆ ಒಂದು ಕಡೆಗೆ ಕಣ್ಣು ಅಗಲವಾಗಿ, ಇನ್ನೊಂದು ಕಡೆಗೆ ಕಿರಿದಾಗಿ ಕಾಣುತ್ತದೆ. ಎರಡು ಮೂರು ತುಂಡು ಹಾಕುವುದಾದರೆ ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು, ಇಲ್ಲವಾದರೆ ಒಂದೇ ಹಾಳೆಯ ತುಂಡುಗಳು ಕಾರಿನ ಮೇಲೆ ಎರಡು ಬಣ್ಣದವುಗಳಂತೆ ಕಾಣುತ್ತವೆ.

ಕತ್ತರಿಸುವಾಗ ಚರ್ಮದ ಕೈಗವಸು ಮತ್ತು ಕನ್ನಡಕ ಇರಲೇಬೇಕು. ಚಿಮ್ಮುವ ತಂತಿತುಂಡು ಚಿಕ್ಕದಾದರೂ ಕಣ್ಣಿಗೆ ದೊಡ್ಡದು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಸುತ್ತಲೂ ಒಂದು ಸಾಲು ಕಣ್ಣನ್ನು ಇಕ್ಕಳದಿಂದ ಹಿಂದಕ್ಕೆ ಮಡಿಸಿದರೆ ಚೂಪು ತುದಿಗಳು ಅಡಗುತ್ತವೆ, ಜಾಲರಿಗೂ ಬಿಗಿ ಬರುತ್ತದೆ. ಅಂಚಿಗೆ ಸೀಳಿದ ರಬ್ಬರ್ ಬೀಡಿಂಗ್ ತೊಡಿಸುವುದು ಉತ್ತಮ. ಅದು ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಜಾಲರಿಗೂ ಬಂಪರಿಗೂ ನಡುವೆ ಇಟ್ಟರೆ ಸಾಕು, ಗರಗರ ಸದ್ದು ಬರುವುದಿಲ್ಲ. ಬಾಗಿದ ಬಾಯಿಗೆ ತಕ್ಕಂತೆ ಜಾಲರಿಯನ್ನು ಮೊಣಕಾಲಿನ ಮೇಲೆ ಇಟ್ಟು ನಿಧಾನವಾಗಿ ಬಾಗಿಸಬೇಕು. ಟೈ ಬಿಗಿದು ಬಾಗಿಸುವೆನೆಂದು ಹೊರಟರೆ ಬಾಗದೆ ಉಳಿದ ಜಾಲರಿಯ ಎಳೆತವೆಲ್ಲ ಆ ಟೈಗಳ ಮೇಲೆಯೇ ಬೀಳುತ್ತದೆ.

ಕಪ್ಪು ಬಣ್ಣ ಬೇಕೆಂದರೆ ಅಲ್ಯುಮಿನಿಯಮ್ಮಿಗೆ ಮೊದಲು ಅದಕ್ಕೆಂದೇ ಇರುವ ಪ್ರೈಮರ್ ಹೊಡೆದು, ಒಣಗಿದ ಮೇಲೆ ಒಂದು ಗೇಣಿಗೂ ಹೆಚ್ಚು ದೂರದಿಂದ ತೆಳುವಾಗಿ ಎರಡು ಮೂರು ಸಲ ಹೊಡೆಯಬೇಕು. ದಪ್ಪವಾಗಿ ಹೊಡೆದರೆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ.

ಕಟ್ಟುವ ಹಂತಕ್ಕೆ ಬಂದಾಗ ಬಂಪರಿನ ಬಾಯಿಯಲ್ಲಿ ಈಗಾಗಲೇ ಇರುವ ಪಟ್ಟಿಗಳನ್ನು ಮೊದಲು ಬಳಸಿಕೊಳ್ಳಬೇಕು. ಅವುಗಳ ಹಿಂಬದಿಯಿಂದ ಟೈ ಸುತ್ತಿದರೆ ಒಂದು ತೂತನ್ನೂ ಕೊರೆಯದೆ ಅರ್ಧ ಕೆಲಸ ಮುಗಿಯುತ್ತದೆ. ಉಳಿದ ಕಡೆ, ಹೊರಗೆ ಕಾಣದ ಒಳ ಅಂಚಿನಲ್ಲಿ ಮಾತ್ರ, 4 ಮಿ.ಮೀ. ಡ್ರಿಲ್ ಬಿಟ್ಟಿನಿಂದ 10ರಿಂದ 12 ಸೆಂ.ಮೀ.ಗೆ ಒಂದರಂತೆ ತೂತು ಹಾಕಬೇಕು. ಬಣ್ಣ ಹೊಡೆದ ಮುಖಕ್ಕೆ ಡ್ರಿಲ್ ತಾಕಿಸಲೇಬಾರದು. ಮೊದಲು ನಾಲ್ಕು ಮೂಲೆಗಳನ್ನು ಸಡಿಲವಾಗಿ ಕಟ್ಟಿ, ಹೊರಗಡೆಯಿಂದ ನೋಡಿ ಕಣ್ಣುಗಳ ಸಾಲು ನೆಲಕ್ಕೆ ಸಮನಾಗಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ನಡುವಿನಿಂದ ಬದಿಗಳತ್ತ ಬಿಗಿಯುತ್ತ ಹೋಗಬೇಕು. ಟೈನ ತಲೆ ಒಳಗಡೆ ಇರಲಿ, ಬಾಲವನ್ನು ತಲೆಗೆ ಸಮನಾಗಿ ಕತ್ತರಿಸಿರಲಿ. ಅರೆಬರೆ ಕತ್ತರಿಸಿದ ಬಾಲ ಕಾರು ತೊಳೆಯುವವರ ಕೈ ಸೀಳುತ್ತದೆ. ಮಧ್ಯಮ ಅಳತೆಯ ಕೆಳಬಾಯಿಗೆ ಹದಿನಾಲ್ಕರಿಂದ ಹದಿನೆಂಟು ಟೈ ಬೇಕಾಗುತ್ತವೆ.

ಬಂಪರನ್ನು ಮರಳಿ ಕೂರಿಸಿದಾಗ ಜಾಲರಿಗೂ ಕಂಡೆನ್ಸರಿಗೂ ನಡುವೆ ಎರಡು ಬೆರಳಾದರೂ ಆಡುವಷ್ಟು ಜಾಗ ಇರಬೇಕು. ಜಾಲರಿ ತಾಗಿಕೊಂಡಿದ್ದರೆ ಎಂಜಿನ್ನಿನ ಅದುರಿಗೆ ಅದೇ ಅರದಂತೆ ಉಜ್ಜಿ, ಕಲ್ಲು ಮಾಡುವ ತೂತನ್ನು ತಾನೇ ಮಾಡಿಬಿಡುತ್ತದೆ. ಎಲ್ಲ ಸ್ಕ್ರೂಗಳನ್ನು ಕೈಯಿಂದ ಹಿಡಿಸಿದ ನಂತರವೇ ಒಂದೊಂದಾಗಿ ಬಿಗಿಯುವುದು, ಕನೆಕ್ಟರುಗಳನ್ನು ಟಕ್ ಎಂಬ ಸದ್ದು ಬರುವಂತೆ ಸೇರಿಸುವುದು, ಫಾಗ್ ಲ್ಯಾಂಪ್ ಹಚ್ಚಿ ನೋಡುವುದು ಇಷ್ಟಾದರೆ ಜೋಡಣೆ ಮುಗಿದಂತೆ.

ಪರೀಕ್ಷೆ ಇನ್ನೂ ಬಾಕಿ ಇದೆ. ಜಾಲರಿ ಹಾಕುವ ಮೊದಲೇ ಒಂದು ಮಧ್ಯಾಹ್ನ ಎಸಿ ಹಾಕಿಕೊಂಡು ಒಂದು ಗೊತ್ತಾದ ಏರುದಾರಿಯಲ್ಲಿ ಹೋಗಿ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಬಿಸಿ ಎಷ್ಟಾಗುತ್ತದೆಂದು ಬರೆದಿಟ್ಟುಕೊಂಡಿರಬೇಕು. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಡಿಗ್ರಿಯಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಮುಳ್ಳಿನ ಜಾಗ ನೆನಪಿಟ್ಟುಕೊಂಡರೂ ಆದೀತು. ನಮಗೆ ಇದಕ್ಕೆ ನಂದಿ ಬೆಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ ಕಾರಿನ ವೇಗ ಕಡಿಮೆ, ಎಂಜಿನ್ನಿನ ಮೇಲಿನ ಭಾರ ಹೆಚ್ಚು, ಎದುರುಗಾಳಿಯ ನೆರವು ಇಲ್ಲವೇ ಇಲ್ಲ. ವಾರಾಂತ್ಯದ ಜನಸಂದಣಿ ತಪ್ಪಿಸಿ ವಾರದ ದಿನ ಹೋಗಬೇಕು. ಜಾಲರಿ ಹಾಕಿದ ಮೇಲೆ ಅದೇ ವೇಳೆಗೆ, ಅದೇ ಗೇರಿನಲ್ಲಿ, ಅದೇ ಎಸಿಯೊಂದಿಗೆ ಹತ್ತಿದಾಗ ಬಿಸಿ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೆ ಚಿಂತೆಯಿಲ್ಲ. ಮುಳ್ಳು ಎಂದಿನ ಜಾಗ ಬಿಟ್ಟು ಏರಿದರೆ, ಫ್ಯಾನ್ ಬಿಡುವಿಲ್ಲದೆ ಓಡಿದರೆ, ಅಥವಾ ಟೋಲಿನ ಸಾಲಿನಲ್ಲಿ ನಿಂತಾಗ ಎಸಿ ಬೆಚ್ಚಗಾದರೆ ಕಣ್ಣು ಸಾಲದು ಎಂದೇ ಅರ್ಥ. ಆ ಜಾಲರಿಯನ್ನು ತೆಗೆದು ದೊಡ್ಡ ಕಣ್ಣಿನದನ್ನು ಹಾಕಬೇಕು. ಹೆದ್ದಾರಿಯ ವೇಗದಲ್ಲಿ ಸಿಳ್ಳೆಯಂಥ ಸದ್ದು ಬಂದರೆ ಯಾವುದೋ ಅಂಚು ಸಡಿಲವಿದೆ. ಮೊದಲ 100 ಕಿ.ಮೀ. ಆದ ಮೇಲೆ ಎಲ್ಲ ಟೈಗಳನ್ನೂ ಬೆರಳಿನಿಂದ ಅಲುಗಿಸಿ ನೋಡಬೇಕು.

ಕಲ್ಲಿಗಾಗಿ ಹಾಕಿದ ಜಾಲರಿ ನಮ್ಮ ಸೀಮೆಯಲ್ಲಿ ಇನ್ನೊಂದು ಕಾಲಕ್ಕೂ ಒದಗುತ್ತದೆ. ಸುಗ್ಗಿ ಬಂತೆಂದರೆ ಗುಡಿಬಂಡೆ, ಗೌರಿಬಿದನೂರು, ಚಿಂತಾಮಣಿ ಕಡೆಯ ಒಳರಸ್ತೆಗಳಲ್ಲಿ ರಾಗಿ ತೆನೆ, ಹುರುಳಿ, ಅವರೆಯನ್ನು ಡಾಂಬರಿನ ಮೇಲೇ ಹರಡುತ್ತಾರೆ. ಕಣ ಮಾಡುವವರು ಕಡಿಮೆಯಾದ ಮೇಲೆ ಒಕ್ಕಣೆಯ ಕೆಲಸ ವಾಹನಗಳ ಚಕ್ರಕ್ಕೆ ಬಿದ್ದಿದೆ. ಅಲ್ಲಿಂದ ಏಳುವ ಹೊಟ್ಟು, ಹುಲ್ಲುಕಡ್ಡಿ ಮೊದಲೆಲ್ಲ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹೋಗಿ ಕೂರುತ್ತಿತ್ತು. ಅದನ್ನು ತೆಗೆಯಲು ಎರಡನ್ನೂ ಬಿಚ್ಚಬೇಕಾಗುತ್ತಿತ್ತು. ಈಗ ಕಡ್ಡಿಯೆಲ್ಲ ಜಾಲರಿಯ ಹೊರಮೈಯಲ್ಲೇ ನಿಲ್ಲುತ್ತದೆ, ಸಂಜೆ ಒಂದು ಬ್ರಷ್‌ನಿಂದ ಗುಡಿಸಿದರೆ ಹೋಗುತ್ತದೆ. ಆ ಎರಡು ತಿಂಗಳು ಮಾತ್ರ ದಿನ ಬಿಟ್ಟು ದಿನ ಗುಡಿಸಲೇಬೇಕು. ಹೊಟ್ಟು ಮೆತ್ತಿದ ಜಾಲರಿ ಸೊಳ್ಳೆ ಪರದೆಗಿಂತ ಕಡೆ. ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಸುವಾಗ ಒತ್ತಡದ ನೀರನ್ನು ಹತ್ತಿರದಿಂದ ಬಿಡಬೇಡಿ ಎಂದು ಮುಂಚೆಯೇ ಹೇಳಬೇಕು, ಏಕೆಂದರೆ ಜಾಲರಿಯ ಕಣ್ಣಿನಿಂದ ನುಗ್ಗಿದ ನೀರು ಕಂಡೆನ್ಸರಿನ ಎಸಳುಗಳನ್ನು ಮಲಗಿಸಿಬಿಡುತ್ತದೆ.

ಒಂದನ್ನು ಮಾತ್ರ ಈ ಜಾಲರಿ ತಡೆಯಲಾರದು. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತಿದ ಘಟನೆಗಳು ನಡೆದಿವೆ. ಹರಡಿದ ಹುರುಳಿಯ ಮೇಲೆ ಹಾಯ್ದು ಬಂದಿದ್ದರೆ ಮುಂದಿನ ತೆರವಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡ ಬಳ್ಳಿಯನ್ನು ಕೋಲಿನಿಂದ ಎಳೆದು ಹಾಕಿಯೇ ಮುಂದೆ ಹೋಗಬೇಕು. ಹಾಗೆ ಬಗ್ಗಿದಾಗ ಜಾಲರಿಯ ಕೆಳಸಾಲಿನ ಟೈಗಳತ್ತಲೂ ಕಣ್ಣು ಹಾಯಿಸುವುದು ನನಗೆ ರೂಢಿಯಾಗಿದೆ. ಮೊದಲು ಮುರಿಯುವುದು ನೆಲಕ್ಕೆ ಹತ್ತಿರವಿರುವ ಅವೇ ಆದ್ದರಿಂದ, ಡಿಕ್ಕಿಯಲ್ಲಿ ಹತ್ತು ಟೈ ಮತ್ತು ಒಂದು ಕಟಿಂಗ್ ಪ್ಲೇಯರ್ ಸದಾ ಇರುತ್ತವೆ.